ಸೊಗದೆ ಬೇರಿನ ಟೀ: ಪುಡಿ ಬೇಡ, ಇಡೀ ಬೇರು ತನ್ನಿ

ಸೊಗದೆ ಅಂದರೆ ಬೇರು ಸಿಹಿಯಾಗಿ ಘಮಘಮಿಸುವ ಒಂದು ಬಳ್ಳಿ. ಅದರ ಬೇರಿನ ಟೀ ಕುಡಿಯಬೇಕು ಅನ್ನುವವರಿಗೆ ಮೂರು ದಾರಿ ಇವೆ. ಊರ ಕಡೆ ಹೋಗಿ ಬೇಲಿ ಸಾಲಿನಲ್ಲಿ ಹಸಿ ಬೇರು ಅಗೆದು ತರಬಹುದು. ಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ ಒಣಬೇರು ಕೊಳ್ಳಬಹುದು. ಇಲ್ಲವೇ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಪುಡಿ ತರಿಸಬಹುದು. ಮೂರನ್ನೂ ಕುಡಿದು ನೋಡಿದ್ದೇನೆ. ನನ್ನ ಓಟು ಒಣಬೇರಿಗೆ. ಪುಡಿಯ ಮೇಲೆ ಸಿಟ್ಟಿದೆ, ಅದು ಕೆಳಗೆ ಓದುವಾಗ ನಿಮಗೇ ಗೊತ್ತಾಗುತ್ತದೆ.

ಹಾಸನದಲ್ಲಿ ಕಾಫಿ ಬಿಟ್ಟು ಬೇರೇನೋ ಕುಡಿಯುತ್ತೇನೆ ಅಂದರೆ ಜನ ಮೊದಲು ಕೇಳುವುದು ‘ಹುಷಾರಿಲ್ವಾ?’ ಅಂತ. ಬೆಳಗಿನ ಕಾಫಿ ನಾನೂ ಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ. ಸಂಜೆಯ ಲೋಟದ್ದೇ ತೊಂದರೆ. ಏಳು ಗಂಟೆ ಮೇಲೆ ಕಾಫಿ ಕುಡಿದರೆ ರಾತ್ರಿ ಫ್ಯಾನ್ ನೋಡುತ್ತಾ ಮಲಗಬೇಕು. ಸೊಗದೆಯಲ್ಲಿ ಕೆಫೀನ್ ಇಲ್ಲ, ಆದರೆ ಹಾಲು ಬೆಲ್ಲ ಹಾಕಿದರೆ ಕುಡಿದ ಹಾಗೆ ಅನ್ನಿಸುತ್ತದೆ. ಕೊತ್ತಂಬರಿ ಜೀರಿಗೆ ಕಷಾಯವನ್ನೂ ಸ್ವಲ್ಪ ಕಾಲ ಕುಡಿದೆ. ಚೆನ್ನಾಗಿಯೇ ಇರುತ್ತದೆ, ಆದರೆ ನೆಗಡಿ ಬಂದ ನೆನಪಾಗುತ್ತದೆ.

ಹಳಬರು ಇದನ್ನು ಟೀ ಅಂತ ಕುಡಿದವರಲ್ಲ. ಬೇಸಿಗೆಯಲ್ಲಿ ಮೈ ಉಷ್ಣ ಆದರೆ, ಉರಿಮೂತ್ರ ಬಂದರೆ, ಮೈ ತುರಿಸಿದರೆ ಈ ಬೇರನ್ನು ಜಜ್ಜಿ ಹಾಕಿದ ನೀರು ಕೊಡುತ್ತಿದ್ದರು. ರಕ್ತ ಶುದ್ಧಿಗೆ ಅಂತಲೂ ಹೇಳುತ್ತಿದ್ದರು. ಆಯುರ್ವೇದದವರು ಸಾರಿವಾ ಅನ್ನುತ್ತಾರೆ, ಈ ಬೇರು ಹಾಕಿ ಮಾಡುವ ಸಾರಿವಾದ್ಯಾಸವ ಈಗಲೂ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. 1864ರಲ್ಲಿ ಬ್ರಿಟಿಷರೂ ಇದನ್ನು ತಮ್ಮ ಅಧಿಕೃತ ಔಷಧಿ ಪಟ್ಟಿಗೆ ಸೇರಿಸಿಕೊಂಡಿದ್ದರು. ನಾನು ಕಾಯಿಲೆಗೆ ಕುಡಿಯುತ್ತಿಲ್ಲ, ವಾಸನೆಗೆ ಕುಡಿಯುತ್ತೇನೆ. ದಿನಾ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಡಾಕ್ಟರನ್ನು ಒಂದು ಮಾತು ಕೇಳಿಯೇ ಶುರು ಮಾಡಿ.

ಹಸಿ ಬೇರಿನ ವಾಸನೆಗೆ ಸಾಟಿಯಿಲ್ಲ, ಇದನ್ನು ಒಪ್ಪಲೇಬೇಕು. ನಮ್ಮೂರು ಅರಸೀಕೆರೆ ಕಡೆ. ತೆಂಗಿನ ತೋಟದ ಬದುವಿನಲ್ಲಿ, ಕುರುಚಲು ಗಿಡಗಳ ಬುಡದಲ್ಲಿ ಸೊಗದೆ ಬಳ್ಳಿ ತಾನಾಗಿ ಹಬ್ಬಿರುತ್ತದೆ. ತಂತಿಯಂಥ ಸಣ್ಣ ಬಳ್ಳಿ. ಎಲೆ ಎದುರುಬದುರು, ಕಡು ಹಸಿರು, ನಡುನರದ ಗುಂಟ ಬಿಳಿ ಗೆರೆ. ಒಂದೇ ಬಳ್ಳಿಯಲ್ಲಿ ಒಂದು ಎಲೆ ಸಪೂರ, ಇನ್ನೊಂದು ಅಗಲ ಇದ್ದರೆ ಗಾಬರಿ ಬೇಡ, ಅದರ ಸ್ವಭಾವವೇ ಹಾಗೆ. ಚಿವುಟಿದರೆ ಹಾಲು ಬರುತ್ತದೆ. ಬರೀ ಎಲೆ ನೋಡಿ ನಂಬಬೇಡಿ. ಬೇರನ್ನು ಉಗುರಿನಲ್ಲಿ ಕೆರೆದು ಮೂಸಿ. ಆ ಸಿಹಿ ವಾಸನೆ ಇಲ್ಲದಿದ್ದರೆ ಅದು ಸೊಗದೆ ಅಲ್ಲ, ಮುಟ್ಟಬೇಡಿ.

ತೊಂದರೆ ಏನಪ್ಪಾ ಅಂದರೆ ಬೇರು ಸಣ್ಣದು, ಉದ್ದ ಹೋಗಿರುತ್ತದೆ. ಬೇಸಿಗೆಯಲ್ಲಿ ಆ ನೆಲಕ್ಕೆ ಹಾರೆ ಹಾಕಿದರೆ ಕೈ ಜುಮ್ಮೆನ್ನುತ್ತದೆ. ಮಳೆ ಬಿದ್ದು ಮಣ್ಣು ಸಡಿಲ ಆದಮೇಲೆ ಅಗೆದರೆ ವಾಸಿ. ಪೂರ್ತಿ ಕಿತ್ತರೆ ಬಳ್ಳಿ ಹೋಯಿತು. ಒಂದು ಪಕ್ಕದ ಬೇರು ತೆಗೆದುಕೊಂಡು ಮಣ್ಣು ಮುಚ್ಚಿ ಬರಬೇಕು. ಹಾಸನದಲ್ಲಿ ಕೆಲಸ ಇಟ್ಟುಕೊಂಡು ಸಂಜೆಯ ಲೋಟಕ್ಕೆ ಅಂತ ಅರಸೀಕೆರೆಗೆ ಹೋಗಿಬರಲು ಆಗುತ್ತಾ? ಹಬ್ಬಕ್ಕೆ ಊರಿಗೆ ಹೋದಾಗ ಸರಿ, ದಿನದ ಮಾತಿಗೆ ಅಲ್ಲ.

ಇನ್ನು ಪುಡಿ. ಪ್ಯಾಕೆಟ್ ಚೆಂದ ಇತ್ತು, ಜಿಪ್ ಇತ್ತು, ಮೇಲೆ ಬಳ್ಳಿಯ ಚಿತ್ರ ಇತ್ತು. ಯಾವ ಕಂಪನಿ ಅಂತ ಹೇಳುವುದಿಲ್ಲ. ಬಿಸಿ ನೀರಿಗೆ ಒಂದು ಚಮಚ ಹಾಕಿ ಕಲಸಿದೆ. ಪುಡಿ ಕೆಳಗೂ ಕೂರಲಿಲ್ಲ, ಕರಗಲೂ ಇಲ್ಲ. ಅರ್ಧ ಮೇಲೆ ತೇಲಿತು, ಅರ್ಧ ನಡುವೆ ಸುತ್ತುತ್ತಾ ಇತ್ತು. ಟೀ ಸೋಸುವ ಜಾಲರಿಯಲ್ಲಿ ಸೋಸಿದರೆ ಎಲ್ಲವೂ ಲೋಟಕ್ಕೇ ಬಂತು. ಬಟ್ಟೆಯಲ್ಲಿ ಸೋಸಿದರೆ ನಾಲ್ಕು ಹನಿ ಇಳಿದು ನಿಂತುಬಿಟ್ಟಿತು. ಬಟ್ಟೆ ಹಿಂಡಿದರೆ ಕೆಸರಿನಂಥದ್ದು ಬೆರಳ ಸಂದಿಯಲ್ಲಿ ಬಂತು.

ಮನೆಯಲ್ಲಿ ಸ್ಟೀಲ್ ಕಾಫಿ ಫಿಲ್ಟರ್ ಇದೆಯಲ್ಲ, ಅದರಲ್ಲಿ ಹಾಕೋಣ ಅಂತ ಬುದ್ಧಿ ಓಡಿಸಿದೆ. ಪುಡಿ ನೀರು ಕುಡಿದು ಉಬ್ಬಿ ತೂತುಗಳನ್ನೆಲ್ಲ ಮುಚ್ಚಿತು. ರಾತ್ರಿ ಹಾಕಿದ ನೀರು ಬೆಳಿಗ್ಗೆಯೂ ಮೇಲಿನ ಡಬ್ಬಿಯಲ್ಲೇ ನಿಂತಿತ್ತು. ಆ ಫಿಲ್ಟರ್ ತೊಳೆದು, ತೂತಿಗೆ ಪಿನ್ನು ಹಾಕಿ ಬಿಡಿಸಿ, ಒಲೆಯ ಮೇಲೆ ಕಾಯಿಸಿ, ಅದರ ಮೇಲೆ ಕಾಫಿ ಹಾಕಿದರೂ ಎರಡು ಮೂರು ದಿನ ಕಾಫಿಗೆ ಸೊಗದೆ ವಾಸನೆ. ಮನೆಯವರು ಮಾತಾಡಲಿಲ್ಲ, ಹೊಸ ಫಿಲ್ಟರ್ ತಂದರು.

ಅಷ್ಟಕ್ಕೇ ಮುಗಿಯಲಿಲ್ಲ. ಹಾಗೇ ಕುಡಿದುಬಿಡೋಣ ಅಂದರೆ ಕೊನೆಯ ಗುಟುಕಿನಲ್ಲಿ ಹಲ್ಲಿಗೆ ಕರಕರ. ಗಾಜಿನ ಲೋಟದಲ್ಲಿ ತಣ್ಣೀರು ಹಾಕಿ ಒಂದು ಚಮಚ ಪುಡಿ ಕಲಸಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ತಳದಲ್ಲಿ ತೆಳ್ಳಗೆ ಕಂದು ಗೆರೆ. ಬೆರಳಲ್ಲಿ ತೆಗೆದು ಉಜ್ಜಿದರೆ ಮರಳು. ಸೊಗದೆ ಬೇರು ಸುಕ್ಕುಸುಕ್ಕಾಗಿರುತ್ತದೆ, ಮೇಲೆಲ್ಲ ಅಡ್ಡ ಉದ್ದ ಬಿರುಕು. ಆ ಬಿರುಕಿನಲ್ಲಿ ಮಣ್ಣು ಕೂತಿರುತ್ತದೆ. ನೆನೆಸಿ ತಿಕ್ಕಿ ತೊಳೆಯದೆ ಹಾಗೇ ಗಿರಣಿಗೆ ಹಾಕಿದರೆ ಮಣ್ಣೂ ಪುಡಿ ಆಗುತ್ತದೆ, ತೂಕಕ್ಕೂ ಸೇರುತ್ತದೆ. ನೀವು ಯಾವ ಪುಡಿ ತಂದರೂ ಮೊದಲು ಈ ಗಾಜಿನ ಲೋಟದ ಪರೀಕ್ಷೆ ಮಾಡಿ.

ವಾಸನೆಯೂ ಕಮ್ಮಿ ಇತ್ತು. ಅದಕ್ಕೂ ಕಾರಣ ಉಂಟು. ಈ ಬೇರಿನ ಸುವಾಸನೆ ಇರುವುದು ಹೊರಗಿನ ಸಿಪ್ಪೆಯಲ್ಲಿ. ಒಳಗೆ ಕಡ್ಡಿಯಂಥ ಗಟ್ಟಿ ದಿಂಡು, ಅದು ಸಪ್ಪೆ. ಬೇರು ಜಜ್ಜಿದಾಗ ಸಿಪ್ಪೆ ಬಿಟ್ಟುಕೊಳ್ಳುತ್ತದೆ, ದಿಂಡನ್ನು ಎಳೆದು ಎಸೆಯುತ್ತೇವೆ. ಗಿರಣಿಯಲ್ಲಿ ಎರಡೂ ಒಟ್ಟಿಗೆ ಹೋದರೆ ಆರಿಸುವವರು ಯಾರು? ಮೇಲಾಗಿ ಆ ವಾಸನೆ ಹಾರಿಹೋಗುವಂಥದ್ದು. ಪುಡಿ ಮಾಡಿಟ್ಟಷ್ಟೂ ಬೇಗ ಹೋಗುತ್ತದೆ. ಉಳಿದ ಪುಡಿಯನ್ನು ಕಡ್ಲೆಹಿಟ್ಟಿಗೆ ಬೆರೆಸಿ ಸ್ನಾನಕ್ಕೆ ಖಾಲಿ ಮಾಡಿದೆವು.

ಒಣಬೇರಿನಲ್ಲಿ ಈ ಯಾವ ರಗಳೆಯೂ ಇಲ್ಲ. ಕಣ್ಣೆದುರು ಇರುತ್ತದೆ, ಮೂಸಬಹುದು, ಮುರಿದು ನೋಡಬಹುದು. ಪುಡಿಗೆ ಕೊಟ್ಟ ದುಡ್ಡಿಗೆ ಬೇರು ಎರಡರಷ್ಟು ಬಂತು. ಕೆಲಸ ಜಾಸ್ತಿ, ನಿಜ. ತೊಳೆದು ಬಿಸಿಲಿಗೆ ಹಾಕಬಾರದು, ನೆರಳಲ್ಲೇ ಆರಿಸಬೇಕು. ಭಾನುವಾರ ಒಂದು ವಾರಕ್ಕೆ ಆಗುವಷ್ಟು ಜಜ್ಜಿ, ದಿಂಡು ತೆಗೆದು ಗಾಜಿನ ಬಾಟಲಿಯಲ್ಲಿ ಹಾಕಿಡುತ್ತೇನೆ. ಟಿವಿ ನೋಡುತ್ತಾ ಮಾಡುವ ಕೆಲಸ.

ಅಂಗಡಿಯಲ್ಲಿ ಒಂದು ಎಚ್ಚರ ಬೇಕು. ಸೊಗದೆಗೆ ‘ನನ್ನಾರಿ’ ಅಂತಲೂ ಹೆಸರಿದೆ, ಆ ಹೆಸರಲ್ಲಿ ಕೇಳಿದರೆ ಕೆಲವು ಕಡೆ ಮಾಕಳಿ ಬೇರು ಕೊಡುತ್ತಾರೆ. ಉಪ್ಪಿನಕಾಯಿ ಹಾಕುತ್ತಾರಲ್ಲ, ಅದೇ. ವಾಸನೆ ಹೆಚ್ಚುಕಡಿಮೆ ಒಂದೇ, ಎರಡರಲ್ಲೂ ಇರುವ ಪರಿಮಳದ ಅಂಶ ಒಂದೇ. ಆದರೆ ಮಾಕಳಿ ಬೆರಳಿನಷ್ಟು ದಪ್ಪ, ಸೊಗದೆ ಸಪೂರ, ಅಂಕುಡೊಂಕು. ಮಾಕಳಿ ಚೂರು ಅಗಿದರೆ ನಾಲಿಗೆ ಚುರುಚುರು ಅನ್ನುತ್ತದೆ. ವಿಷವೇನಲ್ಲ, ಟೀಗೆ ಮಾತ್ರ ಘಾಟು ಜಾಸ್ತಿ. ಕಾಡಿನಲ್ಲಿ ಮಾಕಳಿಯನ್ನು ಕಿತ್ತು ಕಿತ್ತು ಅದು ಅಳಿವಿನ ಅಂಚಿಗೆ ಬಂದಿದೆ ಬೇರೆ. ಹಾಗಾಗಿ ದಪ್ಪ ಬೇರು ಕೊಟ್ಟರೆ ನಾನು ವಾಪಸ್ ಕೊಡುತ್ತೇನೆ.

ಮಾಡುವ ರೀತಿ ದೊಡ್ಡಮ್ಮನದು. ನಾನು ಕಷಾಯದ ಹಾಗೆ ಕುದಿಸಿ ಅರ್ಧಕ್ಕೆ ಇಳಿಸಲು ಹೊರಟಿದ್ದೆ. ‘ಕುದ್ಸಿ ಕುದ್ಸಿ ವಾಸ್ನೆ ಎಲ್ಲಾ ಅಟ್ಟಕ್ಕೆ ಕಳಿಸ್ಬೇಡ ಕಣೋ, ಮುಚ್ಚಿಡು ಸಾಕು’ ಅಂದರು. ಒಂದು ಲೋಟ ನೀರು ಕುದಿಸಿ ಒಲೆ ಆರಿಸಿ. ಜಜ್ಜಿದ ಸಿಪ್ಪೆ ಒಂದು ಚಮಚ ಹಾಕಿ ತಟ್ಟೆ ಮುಚ್ಚಿ. ಹತ್ತು ನಿಮಿಷ ಬಿಟ್ಟು ಸೋಸಿ, ಬೆಲ್ಲ ಹಾಕಿ ಕರಗಿಸಿ, ಕೊನೆಗೆ ಬೇರೆಯಾಗಿ ಕಾಯಿಸಿದ ಹಾಲು. ಹಾಲು ಕಾಲು ಲೋಟ ದಾಟಿದರೆ ಬೇರಿನ ರುಚಿ ಗೊತ್ತಾಗುವುದಿಲ್ಲ. ಏಲಕ್ಕಿ ಬೇಡವೇ ಬೇಡ, ಸುಮ್ನೆ ಪೈಪೋಟಿ. ಬೇಸಿಗೆಯಲ್ಲಿ ಒಲೆಯೂ ಬೇಡ, ಮಡಕೆ ನೀರಿಗೆ ರಾತ್ರಿ ಹಾಕಿ ಬೆಳಿಗ್ಗೆ ಸೋಸಿ ಕುಡಿಯಿರಿ. ಅದೇ ಸಿಪ್ಪೆಗೆ ಇನ್ನೊಂದು ಸಲ ಬಿಸಿ ನೀರು ಹಾಕಿದರೂ ತೆಳ್ಳಗೆ ಒಂದು ಲೋಟ ಇಳಿಯುತ್ತದೆ.

ಅಂಗಡಿಯಲ್ಲಿ ಸಿಗುವ ಸೊಗದೆ ಶರಬತ್ತಿನ ಬಾಟಲಿ ಟೀಗೆ ಆಗುವುದಿಲ್ಲ, ಬರೀ ಸಕ್ಕರೆ. ಟೀ ಬ್ಯಾಗ್ ರೂಪದಲ್ಲೂ ಬರುತ್ತದಂತೆ, ಪುಡಿಯ ಅನುಭವ ಆದಮೇಲೆ ಆ ಕಡೆ ತಿರುಗಲಿಲ್ಲ.

ಊರಲ್ಲೇ ಇರುವವರಿಗೆ, ಬದುವಿನಲ್ಲಿ ಬಳ್ಳಿ ಇರುವವರಿಗೆ ಹಸಿ ಬೇರೇ ಸರಿ, ದುಡ್ಡೂ ಇಲ್ಲ. ಹಾಸನ, ಚಿಕ್ಕಮಗಳೂರಿನಂಥ ಪೇಟೆಯಲ್ಲಿ ಇದ್ದು ವಾರಕ್ಕೆ ನಾಲ್ಕೈದು ಸಂಜೆ ಕುಡಿಯುವ ನನ್ನಂಥವರಿಗೆ ಒಣಬೇರು. ಜಜ್ಜಲು ಪುರುಸೊತ್ತೇ ಇಲ್ಲ ಅನ್ನುವವರು ಪುಡಿಗೆ ಹೋಗುವ ಬದಲು ಕೊತ್ತಂಬರಿ ಜೀರಿಗೆ ಕಷಾಯ ಮಾಡಿಕೊಳ್ಳಿ. ಒಣಬೇರು ತರುವಾಗ ಒಂದೇ ಸಲ ಅರ್ಧ ಕೆಜಿ ತರಬೇಡಿ. ನೂರು ಗ್ರಾಂ ಸಾಕು. ಕಟ್ಟಿಸಿಕೊಳ್ಳುವ ಮೊದಲು ಒಂದು ಬೇರು ಮುರಿದು ಮೂಸಿ ನೋಡಿ. ಅಂಗಡಿಯವರು ಮುರಿಯಲು ಬಿಡದಿದ್ದರೆ ಪಕ್ಕದ ಅಂಗಡಿಗೆ ಹೋಗಿ.