ಬ್ಲಾಕ್ ಹೀಟರ್: ವಿನ್ನಿಪೆಗ್ ಚಳಿಗೆ ಬೇಕೇ ಬೇಕು, ಜೊತೆಗೆ ಟೈಮರ್ ಕೂಡ

ಊರಿಂದ ಹೊಸದಾಗಿ ಕೆನಡಾದ ವಿನ್ನಿಪೆಗ್, ಸಸ್ಕಟೂನ್ ಕಡೆ ಬಂದೋರು ಸೆಕೆಂಡ್ ಹ್ಯಾಂಡ್ ಕಾರ್ ತಗೊಳ್ಳೋವಾಗ ಎಷ್ಟು ಓಡಿದೆ ನೋಡ್ತಾರೆ, ಟೈರ್ ನೋಡ್ತಾರೆ, ಮುಂದೆ ಗ್ರಿಲ್ ಹತ್ರ ಮೂರು ಪಿನ್ನಿನ ಪ್ಲಗ್ ನೇತಾಡ್ತಿದ್ಯಾ ಅಂತ ಮಾತ್ರ ನೋಡಲ್ಲ. ದಯವಿಟ್ಟು ನೋಡಿ, ಅದೇ ಬ್ಲಾಕ್ ಹೀಟರ್ ವೈರು, ಅಂದ್ರೆ ನಿಂತ ಕಾರಿನ ಎಂಜಿನ್‌ನ ಕರೆಂಟಲ್ಲಿ ಬೆಚ್ಚಗಿಡೋ ಹೀಟರಿಂದು.

ನನ್ನ ಕಾರಲ್ಲಿರೋದು 400 ವಾಟಿಂದು. ಎಂಜಿನ್ ಬ್ಲಾಕ್ ಒಳಗಿರೋ ಕೂಲಂಟ್ (ಎಂಜಿನ್ ತಣ್ಣಗಿಡೋಕೆ ಸುತ್ತೋ ದ್ರವ) ಬಿಸಿ ಮಾಡುತ್ತೆ, ಆ ಬಿಸಿ ಲೋಹಕ್ಕೆಲ್ಲ ಹರಡಿ ಆಯಿಲ್‌ಗೂ ತಾಗುತ್ತೆ. -30 ಡಿಗ್ರೀಲಿ ರಾತ್ರಿಯೆಲ್ಲ ಹೊರಗೆ ನಿಂತ ಕಾರಿನ ಆಯಿಲ್ ಜೋನಿಬೆಲ್ಲದ ಥರ ಆಗಿರುತ್ತೆ, ಸ್ಟಾರ್ಟರ್ ತಿರುಗೋಕೇ ಒದ್ದಾಡುತ್ತೆ. ಪ್ಲಗ್ ಹಾಕಿಟ್ಟಿದ್ರೆ ಒಂದೇ ಸಲಕ್ಕೆ ಸ್ಟಾರ್ಟು, ಒಳಗೆ ಬಿಸಿಗಾಳಿನೂ ಬೇಗ ಬರುತ್ತೆ, ಗ್ಲಾಸ್ ಮೇಲಿನ ಐಸ್ ಕೆರೆಯೋ ಅಷ್ಟರಲ್ಲಿ ಕಾಲಿಗೆ ಬೆಚ್ಚಗಾಗುತ್ತೆ ಅನ್ನೋದೇ ದೊಡ್ಡ ಸುಖ ಕಣ್ರೀ.

ಆದ್ರೆ ರಾತ್ರಿಯಿಡೀ ಹಾಕಿಡೋದು ದಂಡ. ಹತ್ತು ಗಂಟೆ ಇಟ್ರೆ 4 ಯೂನಿಟ್ ಕರೆಂಟ್, ಟೈಮರ್ ಇಟ್ಟು ಹೊರಡೋಕೆ ಮೂರು ಗಂಟೆ ಮುಂಚೆ ಆನ್ ಆಗೋ ಹಾಗೆ ಮಾಡಿದ್ರೆ 1.2 ಯೂನಿಟ್ಟಲ್ಲಿ ಮುಗೀತು, ಎಂಜಿನ್ ಅಷ್ಟರಲ್ಲಿ ಸಾಕಷ್ಟು ಬಿಸಿ ಆಗಿರುತ್ತೆ. ಎಕ್ಸ್‌ಟೆನ್ಷನ್ ವೈರ್, ಟೈಮರ್ ಎರಡೂ ಹೊರಗಡೆ ಬಳಸೋಕೆ ಅಂತಲೇ ಮಾಡಿರೋದನ್ನೇ ತಗೊಳ್ಳಿ, ಮನೆಯೊಳಗಿನ ತೆಳು ವೈರ್ ಈ ಚಳೀಲಿ ಕಡ್ಡಿ ಥರ ಸೆಟೆದು ಬಿರುಕು ಬಿಡುತ್ತೆ. ಅಲ್ಲಿ ಮಾತ್ರ ಜುಗ್ಗತನ ಬೇಡವೇ ಬೇಡ.

ನನಗೆ ಬೇಜಾರಿರೋದು ಪ್ಲಗ್ ಬಗ್ಗೆ. ಮುಚ್ಚೋಕೆ ಕ್ಯಾಪ್ ಕೊಟ್ಟಿಲ್ಲ, ರೋಡಿಗೆ ಸುರಿಯೋ ಉಪ್ಪಿನ ನೀರೆಲ್ಲ ಹಾರಿ ಹಿತ್ತಾಳೆ ಪಿನ್ನಿಗೆ ಹಸಿರು ಕಿಲುಬು ಹಿಡಿದಿದೆ, ಕೊನೆಗೆ ನಾನೇ ರಬ್ಬರ್ ಕ್ಯಾಪ್ ತಂದು ಹಾಕಿದೆ. ಹೀಟರ್ ಕೆಲಸ ಮಾಡ್ತಿದ್ಯಾ ಅಂತ ತಿಳ್ಕೋಬೇಕಂದ್ರೆ ಪ್ಲಗ್ ಹಾಕಿ ಬಾನೆಟ್ ಹತ್ರ ಕಿವಿ ಕೊಡಿ, ಸಣ್ಣಗೆ ಸುಂಯ್ ಅಂತ ಕೇಳುತ್ತೆ, ಕೇಳ್ದೇ ಇದ್ರೆ ಗ್ಯಾರೇಜಲ್ಲಿ ಮೀಟರ್ ಹಿಡಿಸಿ ನೋಡ್ಸಿ.

ಇನ್ನೊಂದು, ಇದು ಬ್ಯಾಟರಿನ ಬಿಸಿ ಮಾಡಲ್ಲ. ಹಳೇ ಬ್ಯಾಟರಿ ಇದ್ರೆ ಹೀಟರ್ ಇದ್ದೂ ಕೈ ಕೊಡಬಹುದು, ಚಳಿಗೆ ಮುಂಚೆನೇ ಟೆಸ್ಟ್ ಮಾಡಿಸ್ಕೊಳ್ಳಿ. ವಿಂಡ್ ಚಿಲ್ (ಗಾಳಿ ಸೇರಿ ಮೈಗೆ ಅನ್ಸೋ ಚಳಿ) -45 ಅಂತ ಫೋನಲ್ಲಿ ನೋಡಿ ಗಾಬರಿ ಬೀಳೋದೇನೂ ಬೇಡ, ಗಾಳಿಗೆ ಎಂಜಿನ್ ಬೇಗ ತಣ್ಣಗಾಗುತ್ತೆ ಅಷ್ಟೇ, ನಿಜವಾದ ಟೆಂಪರೇಚರ್‌ಗಿಂತ ಕೆಳಗೆ ಇಳಿಯಲ್ಲ. -15 ದಾಟಿದ್ರೆ ನಾನು ಪ್ಲಗ್ ಹಾಕ್ತೀನಿ.

ಹೊಸದಾಗಿ ಹಾಕಿಸೋರು ಅಕ್ಟೋಬರ್ ಒಳಗೇ ಹಾಕಿಸ್ಬಿಡಿ. ಸುಮಾರು ಕಾರಲ್ಲಿ ಕೂಲಂಟ್ ಇಳಿಸಿ ಮಾಡೋ ಕೆಲಸ ಅದು, ಮೊದಲ ಹಿಮ ಬಿದ್ಮೇಲೆ ಗ್ಯಾರೇಜ್‌ನೋರು ವಿಂಟರ್ ಟೈರ್ ಬದಲಾಯಿಸೋದ್ರಲ್ಲೇ ಮುಳುಗಿರ್ತಾರೆ.