ಇಡೀ ಮನೆಗೆ ಹಾಕಿಸಿದ ವಾಟರ್ ಸಾಫ್ಟ್ನರ್: ಕೆಲವು ವರ್ಷ ಬಳಸಿದ ಮೇಲೆ

ಇದು ಇಡೀ ಮನೆಯ ನೀರಿಗೆ ಹಾಕುವ, ಉಪ್ಪು ತುಂಬಿಸುವ ಮಾದರಿಯ ಸಾಫ್ಟ್ನರ್, ಅಂದರೆ ಗಡಸು ನೀರನ್ನು ಮೆದು ಮಾಡುವ ಮಷಿನ್ ಬಗ್ಗೆ. ನಲ್ಲಿಯ ಮೂತಿಗೆ ಸಿಕ್ಕಿಸುವ ಪುಟ್ಟ ಡಬ್ಬಿಯ ಬಗ್ಗೆ ಅಲ್ಲ. ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ, ಒಳಗಿನ ರೆಸಿನ್ (ನೀರನ್ನು ಮೆದು ಮಾಡುವ ಮಣಿಗಳು) ಇನ್ನೂ ಬದಲಿಸಿಲ್ಲ. ಒಟ್ಟಾರೆ ತೃಪ್ತಿ ಇದೆ. ಆದರೆ ಮಾರುವವರು ಹೇಳುವುದರಲ್ಲಿ ಅರ್ಧಕ್ಕರ್ಧ ಈ ಮಷಿನ್‌ಗೆ ಸಂಬಂಧವೇ ಇಲ್ಲದ ಮಾತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗಡಸು ಅಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ; ಅಳೆಯುವುದು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ. ಅದು ಲೀಟರಿಗೆ 60 ಮಿ.ಗ್ರಾಂ ಒಳಗಿದ್ದರೆ ಮೆದು ನೀರು, 180 ದಾಟಿದರೆ ತುಂಬಾ ಗಡಸು ಅನ್ನುವುದು ಸಾಮಾನ್ಯ ಲೆಕ್ಕ. ನಮ್ಮದು ಸಣ್ಣ ಊರು, ನೀರು ನೆಲದಾಳದ್ದು, ಗಡಸು 450ರ ಆಸುಪಾಸು. ಅಂದರೆ ಸೋಪು ಉಜ್ಜಿದರೆ ನೊರೆಗಿಂತ ಮೊದಲು ಬಿಳಿ ಗಸಿ ಬರುತ್ತದೆ, ಬಕೆಟ್ಟಿನ ಒಳಗೆ ಒರಟು ಪದರ ಕೂರುತ್ತದೆ, ಒಗೆದ ಟವೆಲ್ ಒಣಗಿದ ಮೇಲೆ ರಟ್ಟಿನ ಹಾಗೆ ನಿಲ್ಲುತ್ತದೆ. ಶವರ್‌ನಲ್ಲಿ ಅರ್ಧ ತೂತು ಮುಚ್ಚಿಹೋಗಿ ಉಳಿದವು ಗೋಡೆಗೆ ನೀರು ಹೊಡೆಯುತ್ತಿದ್ದವು. ಇದೆಲ್ಲ ಕಿರಿಕಿರಿ ಅಷ್ಟೇ, ಸಹಿಸಬಹುದು.

ಸಹಿಸಲಾಗದ್ದು ಗೀಸರ್. ಪ್ಲಂಬರ್ ಬಿಚ್ಚಿ ಕಾಯಿಲ್ ಹೊರಗೆ ಎಳೆದಾಗ ಅದು ಕಾಯಿಲ್ ಅಂತ ಗುರುತೇ ಸಿಗಲಿಲ್ಲ, ಬೆರಳು ದಪ್ಪದ ಬೂದುಬಿಳಿ ಪದರ ಸುತ್ತ ಕಟ್ಟಿತ್ತು, ಸ್ಕ್ರೂಡ್ರೈವರ್‌ನಿಂದ ತಟ್ಟಿದರೆ ಚಕ್ಕೆ ಚಕ್ಕೆಯಾಗಿ ಬಿತ್ತು, ತೊಟ್ಟಿಯ ತಳದಲ್ಲಿ ಅಂಥದ್ದೇ ಚೂರುಗಳ ರಾಶಿ. ತಣ್ಣೀರಿನಲ್ಲಿ ಕರಗಿಕೊಂಡಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಯಾದಾಗ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ, ಎಲ್ಲಕ್ಕಿಂತ ಬಿಸಿ ಇರುವ ಜಾಗಕ್ಕೇ ಮೊದಲು ಅಂಟುತ್ತದೆ. ಆಮೇಲೆ ಕಾಯಿಲ್‌ನ ಬಿಸಿ ನೀರಿಗೆ ಸರಿಯಾಗಿ ದಾಟುವುದಿಲ್ಲ, ಕಾಯಿಲ್ ತನ್ನ ಬಿಸಿಯಲ್ಲೇ ಸುಟ್ಟುಹೋಗುತ್ತದೆ. ಬಿಸಿ ನೀರಿನಲ್ಲಿ ಒಗೆಯುವ ವಾಷಿಂಗ್ ಮಷಿನ್‌ಗೂ ಇದೇ ಗತಿ.

ಸಾಫ್ಟ್ನರ್ ಬಂದ ಮೇಲೆ ಈ ಕಾಟ ನಿಂತಿದೆ. ಗೀಸರ್ ಸರ್ವಿಸ್‌ಗೆ ಬಿಚ್ಚಿದಾಗ ಕಾಯಿಲ್ ಮೇಲೆ ತೆಳು ಪುಡಿ ಬಿಟ್ಟರೆ ಏನೂ ಇರುವುದಿಲ್ಲ. ಬಟ್ಟೆ ಸೋಪಿನ ಪುಡಿ ಹಿಂದಿನ ಅರ್ಧದಷ್ಟು ಸಾಕಾಗುತ್ತದೆ, ಜಾಸ್ತಿ ಹಾಕಿದರೆ ನೊರೆ ತೊಳೆದು ಮುಗಿಯುವುದೇ ಇಲ್ಲ. ನನ್ನ ಪ್ರಕಾರ ಮಷಿನ್ ಕೊಳ್ಳಲು ಈ ಎರಡೇ ಕಾರಣ ಸಾಕು.

ಒಳಗೆ ನಡೆಯುವುದು ಸರಳ. ಸಿಲಿಂಡರಿನಲ್ಲಿ ಸಣ್ಣ ಸಣ್ಣ ರೆಸಿನ್ ಮಣಿಗಳಿರುತ್ತವೆ, ಅವು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿ ತುಂಬಿದ ಮೇಲೆ ಪಕ್ಕದ ತೊಟ್ಟಿಯಿಂದ ಗಟ್ಟಿ ಉಪ್ಪುನೀರು ಹರಿಸಿ ತೊಳೆಯಬೇಕು, ಆಗ ಹಿಡಿದದ್ದೆಲ್ಲ ಚರಂಡಿಗೆ ಹೋಗಿ ಮಣಿ ಮತ್ತೆ ತಯಾರು. ನಮ್ಮದರಲ್ಲಿ 25 ಲೀಟರ್ ರೆಸಿನ್ ಇದೆ. ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸು ಹಿಡಿಯುತ್ತದೆ ಅಂತ ಇಟ್ಟುಕೊಂಡರೆ ಒಟ್ಟು 1,250 ಗ್ರಾಂ, ಅಂದರೆ ನಮ್ಮ ನೀರಿಗೆ ಹತ್ತಿರ ಹತ್ತಿರ 2,800 ಲೀಟರ್. ದಿನಕ್ಕೆ 600 ಲೀಟರ್ ಬಳಸುವ ಮನೆಯಲ್ಲಿ ನಾಲ್ಕು ದಿನಕ್ಕೊಮ್ಮೆ ತೊಳೆಯಬೇಕು. ಕೊಳ್ಳುವ ಮೊದಲು ಈ ಲೆಕ್ಕವನ್ನು ನೀವೇ ಹಾಕಿ. ನಿಮ್ಮ ನೀರಿನ ಗಡಸು ಎಷ್ಟು ಅಂತ ಕೇಳದೆಯೇ ಯಾವ ಸೈಜ್ ಬೇಕು ಅಂತ ಹೇಳುವವರ ಹತ್ತಿರ ತೆಗೆದುಕೊಳ್ಳಬೇಡಿ.

ಅಳೆಯುವ ವಿಷಯ ಬಂದಾಗ ಒಂದು ಮಾತು. ಡೆಮೊಗೆ ಬಂದವರು ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣ) ಮೀಟರ್ ಹಿಡಿದುಕೊಂಡು ಬರುತ್ತಾರೆ. ಸುಮ್ನೆ. ಸಾಫ್ಟ್ನರ್ ಟಿಡಿಎಸ್ ಇಳಿಸುವುದೇ ಇಲ್ಲ, ಒಂದನ್ನು ತೆಗೆದು ಇನ್ನೊಂದನ್ನು ಹಾಕುತ್ತದೆ, ಮೀಟರಿನಲ್ಲಿ ಅಂಕಿ ಅಷ್ಟೇ ಇರುತ್ತದೆ ಅಥವಾ ಚೂರು ಏರುತ್ತದೆ. ಇದನ್ನು ನೋಡಿ ಮಷಿನ್ ಕೆಟ್ಟಿದೆ ಅಂದುಕೊಳ್ಳುವವರು ತುಂಬಾ ಜನ. ಬೇಕಾದದ್ದು ಹನಿ ಹಾಕುವ ಟೆಸ್ಟ್ ಕಿಟ್. ಪುಟ್ಟ ಬಾಟಲಿಯಲ್ಲಿ ನೀರು ತೆಗೆದುಕೊಂಡು ಬಣ್ಣದ ಪುಡಿ ಹಾಕಿದರೆ ಗಡಸು ನೀರು ಕೆಂಪಗಾಗುತ್ತದೆ, ಆಮೇಲೆ ಇನ್ನೊಂದು ದ್ರವವನ್ನು ಹನಿ ಹನಿಯಾಗಿ ಹಾಕಿ ಅಲ್ಲಾಡಿಸುತ್ತಾ ಹೋದರೆ ಒಂದು ಹನಿಗೆ ನೇರಳೆಯಾಗಿ ಮುಂದಿನದಕ್ಕೆ ಪೂರ್ತಿ ನೀಲಿಗೆ ತಿರುಗುತ್ತದೆ. ಎಷ್ಟು ಹನಿ ಬೇಕಾಯಿತೋ ಅದರ ಮೇಲೆ ಗಡಸು. ಸಾಫ್ಟ್ನರ್ ಸರಿ ಇದ್ದರೆ ಪುಡಿ ಹಾಕಿದ ತಕ್ಷಣ ನೀಲಿ, ಹನಿ ಬೇಕಾಗುವುದೇ ಇಲ್ಲ. ನಮ್ಮ ಮನೆಯ ಮಕ್ಕಳಿಗೆ ಈ ಕೆಲಸ ಬಲು ಇಷ್ಟ.

ಕುಡಿಯಲು ಇದೇ ನೀರು ಬೇಡ. ಲೀಟರಿಗೆ 100 ಮಿ.ಗ್ರಾಂ ಗಡಸು ತೆಗೆದರೆ ಸುಮಾರು 46 ಮಿ.ಗ್ರಾಂ ಸೋಡಿಯಂ ಸೇರುತ್ತದೆ, ನಮ್ಮ ಲೆಕ್ಕಕ್ಕೆ 200 ದಾಟಿತು. ಬಿಪಿ ಇರುವವರಿಗೆ, ಹಸುಗೂಸಿನ ಹಾಲಿಗೆ ಇದು ಒಳ್ಳೆಯದಲ್ಲ. ಅಡುಗೆಮನೆಗೆ ಸಾಫ್ಟ್ನರ್ ದಾಟದ ಒಂದು ನಲ್ಲಿ ಬಿಡಿಸಿಕೊಳ್ಳಿ, ಅಥವಾ ಮೆದು ನೀರನ್ನು ಆರ್‌ಒಗೆ ಕೊಡಿ. ಆರ್‌ಒ ಸೋಡಿಯಂ ತೆಗೆಯುತ್ತದೆ, ಅದರ ಮೆಂಬ್ರೇನ್‌ಗೂ ಸುಣ್ಣ ಕಟ್ಟುವುದಿಲ್ಲ. ಗಿಡಗಳಿಗೂ ನೇರ ನೀರೇ ಇರಲಿ, ಸೋಡಿಯಂ ಮಣ್ಣಿಗೆ ಕೆಟ್ಟದ್ದು.

ಕೂದಲು, ಚರ್ಮ? ಕೂದಲು ಉದುರುವುದು ನಿಲ್ಲುತ್ತದೆ ಅಂತ ಜಾಹೀರಾತಿನಲ್ಲಿ ಇರುತ್ತದಲ್ವಾ, ನಮ್ಮ ಮನೆಯಲ್ಲಿ ಉದುರುವ ಕೂದಲು ಉದುರುತ್ತಲೇ ಇದೆ. ತಲೆಗೂದಲು ಒರಟಾಗುವುದು ಮಾತ್ರ ಕಡಿಮೆಯಾಗಿದೆ, ಸೋಪಿನ ಗಸಿ ಅಂಟುವುದಿಲ್ಲವಲ್ಲ. ಚರ್ಮದ ಬಗ್ಗೆ ಬ್ರಿಟನ್‌ನಲ್ಲಿ ಎಸ್ಜಿಮಾ ಇದ್ದ 336 ಮಕ್ಕಳ ಮೇಲೆ ಒಂದು ದೊಡ್ಡ ಪ್ರಯೋಗ ನಡೆದಿತ್ತು, ಫಲಿತಾಂಶ 2011ರಲ್ಲಿ ಬಂತು. ಸಾಫ್ಟ್ನರ್ ಹಾಕಿದ ಮನೆಯ ಮಕ್ಕಳಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ಚರ್ಮರೋಗಕ್ಕೆ ಮದ್ದು ಅಂತ ಕೊಳ್ಳಬೇಡಿ. ಮೊದಮೊದಲು ಸ್ನಾನ ಮಾಡಿದಾಗ ಮೈ ಜಾರುತ್ತದೆ, ಸೋಪು ಹೋಗಲೇ ಇಲ್ಲವೇನೋ ಅನಿಸುತ್ತದೆ. ಅಭ್ಯಾಸವಾಗುತ್ತದೆ.

ಹಳೆಯ ಸುಣ್ಣದ ಕರೆ ತಾನಾಗಿ ಹೋಗುವುದಿಲ್ಲ. ನಲ್ಲಿ, ಶವರ್ ಬಿಚ್ಚಿ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ನೀರಿನಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆ ಬ್ರಶ್‌ಗೆ ಬರುತ್ತದೆ. ಮಾರ್ಬಲ್ ಮೇಲೆ ಇದನ್ನು ಸುರಿಯಬೇಡಿ, ಕಲ್ಲೇ ತಿಂದುಹೋಗುತ್ತದೆ. ಬ್ಲೀಚಿಂಗ್ ಜೊತೆ ಅಂತೂ ಬೆರೆಸಲೇಬೇಡಿ, ವಿಷದ ಗಾಳಿ ಬರುತ್ತದೆ.

ಇನ್ನು ಗೊಣಗಾಟ. ಉಪ್ಪು ತುಂಬಿಸುವ ಕೆಲಸ ನಿಲ್ಲುವುದೇ ಇಲ್ಲ, ಒಮ್ಮೆ ತೊಳೆಯಲು ಮೂರು ಕಿಲೋ ಹತ್ತಿರ ಬೇಕು, ಮನೆಯಲ್ಲಿ ಮೂಟೆಗೆ ಜಾಗ ಬೇಕು. ಪುಡಿ ಉಪ್ಪು ಹಾಕಿದರೆ ತೊಟ್ಟಿಯಲ್ಲಿ ಮೇಲೆ ಹೆಪ್ಪುಗಟ್ಟಿ ಕೆಳಗೆ ಟೊಳ್ಳಾಗುತ್ತದೆ. ಮುಚ್ಚಳ ತೆಗೆದು ನೋಡಿದರೆ ಉಪ್ಪು ತುಂಬಿದೆ ಅನಿಸುತ್ತದೆ, ನಲ್ಲಿಯಲ್ಲಿ ಮಾತ್ರ ಗಡಸು ನೀರು. ಆಗಾಗ ಕೋಲಿನಿಂದ ಚುಚ್ಚಿ ನೋಡಬೇಕು. ಮಾತ್ರೆ ಉಪ್ಪಿನಲ್ಲಿ ಈ ತಾಪತ್ರಯ ಕಡಿಮೆ.

ನನಗೆ ನಿಜವಾಗಿ ಸಿಟ್ಟು ಬರಿಸುವುದು ಮಷಿನ್‌ನ ಗಡಿಯಾರ. ತೊಳೆಯುವ ಒಂದೂವರೆ ಗಂಟೆ ಮನೆಗೆ ಬರುವುದು ಮೆದುವಾಗದ ನೀರೇ, ಅದಕ್ಕೇ ರಾತ್ರಿ ಎರಡಕ್ಕೆ ಸೆಟ್ ಮಾಡಿರುತ್ತೇವೆ. ಕರೆಂಟ್ ಹೋಗಿ ಬಂದರೆ ನಮ್ಮ ಮಾದರಿಯಲ್ಲಿ ಗಡಿಯಾರ ಹಿಂದೆ ಬೀಳುತ್ತದೆ, ಒಂದು ದಿನ ನೋಡಿದರೆ ಎಲ್ಲರೂ ಸ್ನಾನಕ್ಕೆ ಹೋಗುವ ಹೊತ್ತಿಗೆ ಮಷಿನ್ ಗುರ್ ಅನ್ನುತ್ತಾ ತೊಳೆಯಲು ಶುರು ಮಾಡಿರುತ್ತದೆ. ತೊಳೆಯುವ ಹೊತ್ತನ್ನು ನೋಡಿಕೊಳ್ಳುವ ವಾಲ್ವ್ ಬ್ಯಾಟರಿ ಬ್ಯಾಕಪ್ ಇರುವಂಥದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ, ಹೋದ ಒಂದು ಈ ಗಡಿಯಾರಕ್ಕೇ.