ಎತ್ತದ ಕಂಪ್ರೆಸರ್‌ಗೆ ಐದು ಮದ್ದು: ಎಲ್ಲವನ್ನೂ ಮಾಡಿ ನೋಡಿದೆ

ತುಮಕೂರಿನ ಹೆಗ್ಗೆರೆ ಕಡೆ ನಮ್ಮ ಮನೆ. ಹಿತ್ತಲಿನ ಶೀಟ್ ಶೆಡ್ಡಿನಲ್ಲಿ ಭಾನುವಾರ ಮರಗೆಲಸ ಮಾಡುತ್ತೇನೆ. ಸ್ಟೂಲು, ದೇವರ ಮಂಟಪ, ನೆಂಟರ ಮನೆ ಬಾಗಿಲಿಗೆ ಸ್ಪ್ರೇ ಪಾಲಿಶ್. ಅದಕ್ಕೆಂದು ಇಟ್ಟುಕೊಂಡಿರುವುದು 2 ಎಚ್‌ಪಿಯ ಸಿಂಗಲ್ ಫೇಸ್ ಬೆಲ್ಟ್ ಕಂಪ್ರೆಸರ್, ಅಂದರೆ ಟ್ಯಾಂಕಿಗೆ ಗಾಳಿ ಒತ್ತಿ ತುಂಬುವ ಯಂತ್ರ. ಕಳೆದ ಚಳಿಗಾಲದಲ್ಲಿ ಅದು ಹಟ ಹಿಡಿಯಿತು. ಬೆಳಗ್ಗೆ ಸ್ವಿಚ್ ಹಾಕಿದರೆ ತಿಣುಕಿ ತಿಣುಕಿ ತಿರುಗುತ್ತಿತ್ತು. ಟ್ಯಾಂಕಿನ ಗಾಳಿಯ ಒತ್ತಡ 8 ಕೆಜಿಗೆ ಬಂದಾಗ ತಾನಾಗೇ ನಿಂತು, ಗಾಳಿ ಖರ್ಚಾಗಿ 6 ಕೆಜಿಗೆ ಇಳಿದಾಗ ಮತ್ತೆ ಎತ್ತಬೇಕಲ್ವಾ, ಅಂದರೆ ಸ್ಟಾರ್ಟ್ ಆಗಬೇಕಲ್ವಾ? ಆಗ ಸುಮ್ನೆ ಗುಂಯ್ ಅಂದು ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನಾಗೇ ಬೀಳುವ ಸ್ವಿಚ್) ಬೀಳಿಸುತ್ತಿತ್ತು. ಅರ್ಧ ಬಾಗಿಲಿಗೆ ಪಾಲಿಶ್ ಆಗಿರುತ್ತಿತ್ತು, ಇನ್ನರ್ಧ ಹಾಗೇ.

ಯಾರನ್ನು ಕೇಳಿದರೂ ಒಂದೊಂದು ಮದ್ದು ಹೇಳಿದರು. ನಾನು ಒಂದೊಂದನ್ನೇ ಮಾಡಿ ನೋಡಿ, ಎಷ್ಟು ಕೆಲಸ ಮಾಡಿತು ಎಂದು ಸ್ಥಾನ ಕೊಡುತ್ತಾ ಹೋದೆ.

ಮೊದಲು ಕಂಡೆನ್ಸರ್, ಅಂದರೆ ಮೋಟಾರ್ ಎತ್ತುವಾಗ ತಳ್ಳು ಕೊಡುವ ಕೆಪಾಸಿಟರ್. ಬಿ.ಎಚ್. ರಸ್ತೆಯ ವೈಂಡಿಂಗ್ ಅಂಗಡಿಯವರು ಮಾತು ಮುಗಿಯುವ ಮೊದಲೇ, ‘ಸಾರ್, ಕಂಡೆನ್ಸರ್ ಹೋಗಿರುತ್ತೆ, ಹಾಕ್ಬಿಡಿ’ ಅಂದರು. ಪ್ಲಗ್ ಕಿತ್ತು, ಕಂಡೆನ್ಸರ್‌ನಲ್ಲಿ ಉಳಿದ ಕರೆಂಟನ್ನು ಬಲ್ಬಿನ ಎರಡು ವೈರು ಮುಟ್ಟಿಸಿ ಇಳಿಸಿ, ಮೀಟರ್ ಹಿಡಿದೆ. ಮೈಮೇಲೆ 120-150 ಎಂಎಫ್‌ಡಿ (ಮೈಕ್ರೋಫ್ಯಾರಡ್) ಎಂದು ಬರೆದಿದ್ದರೂ ಮೀಟರ್ ತೋರಿಸಿದ್ದು 91. ಅವರ ಊಹೆ ಸುಳ್ಳಲ್ಲ. ಹೊಸದು ಹಾಕಿದ ಮೇಲೆ ಖಾಲಿ ಟ್ಯಾಂಕಿನಲ್ಲಿ ಎತ್ತುವುದು ಸಲೀಸಾಯಿತು. ಆದರೆ 6 ಕೆಜಿಯಲ್ಲಿ ಅದೇ ಗುಂಯ್.

ಆಮೇಲೆ ಆಯಿಲ್. ಇದರಲ್ಲಿ ತಪ್ಪು ನನ್ನದೇ. ಮನೆಯಲ್ಲಿ ಉಳಿದಿದ್ದ ಬೈಕಿನ 20ಡಬ್ಲ್ಯೂ-40 ಆಯಿಲನ್ನು ವರ್ಷದ ಹಿಂದೆ ಸುರಿದಿದ್ದೆ. ಅದನ್ನು ಇಳಿಸಿ ವಿಜಿ 100 ಕಂಪ್ರೆಸರ್ ಆಯಿಲ್ ಹಾಕಿದೆ. ಚಳಿ ಬೆಳಗ್ಗೆ ಕೈಯಲ್ಲಿ ಪುಲ್ಲಿ ತಿರುಗಿಸಿದರೆ ಮೊದಲಿಗಿಂತ ಹಗುರ ಅನ್ನಿಸಿತು, ಅಷ್ಟೇ. ಎಂಸಿಬಿ ಬೀಳುವುದು ನಿಲ್ಲಲಿಲ್ಲ. ಆಗ ಇದಕ್ಕೆ ನಾನು ಕೊನೇ ಸ್ಥಾನ ಕೊಟ್ಟಿದ್ದೆ.

ಮೂರನೆಯದು ಸ್ಟೆಬಿಲೈಸರ್. ‘ತಗೊಂಡು ಹೋಗಿ ಭಾವ, ಇಲ್ಲಿ ಧೂಳು ತಿಂತಿದೆ’ ಅಂತ ಬಾಮೈದ ಎಸಿಗೆ ಇಟ್ಟಿದ್ದ 4 ಕೆವಿಎ ಡಬ್ಬ ಕೊಟ್ಟ. ಓಡುವಾಗ ನಮ್ಮ ಮೋಟಾರ್ 10 ಆಂಪಿಯರ್ ಎಳೆಯುತ್ತದೆ, ಎತ್ತುವ ಕ್ಷಣದಲ್ಲಿ 40 ದಾಟುತ್ತದೆ. ಅಂದರೆ 8 ಕೆವಿಎ. ಡಬ್ಬದ ತಾಕತ್ತಿನ ಎರಡರಷ್ಟು. ಟಕ್ ಟಕ್ ಎಂದು ರಿಲೇ ಬಡಿದುಕೊಂಡು ಕಟ್ ಆಯಿತು. ಅದೂ ಅಲ್ಲದೆ, ವೋಲ್ಟೇಜ್ ಏರಿಸಲು ಅದು ಶೆಡ್ಡಿಗೆ ಕರೆಂಟ್ ತರುವ ವೈರಿನಿಂದ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ. ಎಳೆದಷ್ಟೂ ಆ ವೈರಿನಲ್ಲಿ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ದುಡ್ಡು ಕೊಟ್ಟು ಕೊಂಡಿದ್ದರೆ ಹೊಟ್ಟೆ ಉರಿಯುತ್ತಿತ್ತು.

ನಾಲ್ಕನೆಯದು ಆ ವೈರು. ಮೀಟರ್ ಬೋರ್ಡಿನಿಂದ ಶೆಡ್ಡಿಗೆ 25 ಮೀಟರ್. ಶೆಡ್ ಕಟ್ಟಿದಾಗ ಲೈಟಿಗೆಂದು ಎಳೆದಿದ್ದ 1.5 ಸ್ಕ್ವೇರ್ ಎಂಎಂ ವೈರಿನಲ್ಲೇ ಕಂಪ್ರೆಸರ್ ಓಡುತ್ತಿತ್ತು. ಹೋಗುವುದು ಬರುವುದು ಸೇರಿ 50 ಮೀಟರ್, ಸುಮಾರು 0.6 ಓಮ್. 40 ಆಂಪಿಯರ್ ಹರಿದರೆ 24 ವೋಲ್ಟ್ ವೈರಿನಲ್ಲೇ ಮಾಯ. ಪಕ್ಕದ ತೋಟಗಳಲ್ಲಿ ಪಂಪ್‌ಸೆಟ್ ಓಡುವಾಗ ನಮಗೆ ಬರುವುದೇ 205 ವೋಲ್ಟ್. ಎತ್ತುವಾಗ ಸಾಕೆಟ್ಟಿನಲ್ಲಿ 180 ಕಂಡೆ. ಎತ್ತುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230ಕ್ಕೆ ಬದಲು 180 ಸಿಕ್ಕರೆ ಉಳಿಯುವ ಬಲ ನೂರಕ್ಕೆ 61. 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆಸಿದೆ. ವೈರಿನಲ್ಲಿ ಕಳೆಯುವುದು 9 ವೋಲ್ಟಿಗೆ ಇಳಿಯಿತು. ಐದರಲ್ಲಿ ಜಾಸ್ತಿ ಖರ್ಚಾಗಿದ್ದು ಇದಕ್ಕೇ, ಆದರೂ ಬೇಜಾರಿಲ್ಲ. ಈಗ 6 ಕೆಜಿಯಲ್ಲಿ ಹತ್ತು ಸಲಕ್ಕೆ ಐದಾರು ಸಲ ಎತ್ತುತ್ತಿತ್ತು.

ವೈರ್ ಬದಲಿಸುವ ಬದಲು 32 ಆಂಪಿಯರ್ ಎಂಸಿಬಿ ಹಾಕಿಬಿಡಿ ಎಂದವರೂ ಇದ್ದರು. ದಯವಿಟ್ಟು ಬೇಡ. ಎಂಸಿಬಿ ಇರುವುದೇ ವೈರ್ ಕಾಯಲು. ಸಣ್ಣ ವೈರಿಗೆ ದೊಡ್ಡ ಎಂಸಿಬಿ ಹಾಕಿದರೆ ಸುಡುವುದು ವೈರು. ಪಕ್ಕದ ಮನೆಯ ತಾತ, ‘ಬೆಲ್ಟ್ ಒಂಚೂರು ಸಡಿಲ ಬಿಡಪ್ಪ’ ಅಂದರು. ಬಿಟ್ಟೆ. ಕೀಚ್ ಎಂದು ಕಿರುಚಿ ರಬ್ಬರ್ ಸುಟ್ಟ ವಾಸನೆ ಬಂತು, ಮತ್ತೆ ಬಿಗಿ ಮಾಡಿದೆ.

ಕೊನೆಗೆ ವಾಲ್ವ್. ನಿಜ ಹೇಳಬೇಕೆಂದರೆ ಇದನ್ನೇ ಮೊದಲು ನೋಡಬೇಕಿತ್ತು. ಖಾಲಿ ಟ್ಯಾಂಕಿನಲ್ಲಿ ಎತ್ತಿ, ಗಾಳಿ ಇದ್ದಾಗ ಎತ್ತದಿದ್ದರೆ ಮೊದಲ ಅನುಮಾನ ಇದರ ಮೇಲೇ ಬರಬೇಕು. ಕಂಪ್ರೆಸರ್ ನಿಂತಾಗ ಪ್ರೆಶರ್ ಸ್ವಿಚ್ಚಿನ ಹತ್ತಿರ ‘ಟುಸ್’ ಎಂದು ಎರಡು ಸೆಕೆಂಡ್ ಗಾಳಿ ಹೋಗಬೇಕು. ಹೆಡ್ಡಿನಲ್ಲಿ, ಅಂದರೆ ಪಿಸ್ಟನ್ ಮೇಲಿನ ಭಾಗದಲ್ಲಿ, ಉಳಿದ ಗಾಳಿ ಅದು. ಅದು ಹೋದರೆ ಪಿಸ್ಟನ್ ಮುಂದಿನ ಸಲ ಹಗುರವಾಗಿ ಏಳುತ್ತದೆ. ಶಬ್ದವೇ ಬರದಿದ್ದರೆ ಆ ಗಾಳಿ ಹೊರಬಿಡುವ ಪುಟ್ಟ ವಾಲ್ವ್, ಅನ್‌ಲೋಡರ್, ಕಟ್ಟಿಕೊಂಡಿದೆ ಎಂದರ್ಥ. ನಮ್ಮದು ಉಲ್ಟಾ: ‘ಸ್ಸ್ಸ್’ ಅನ್ನುವುದು ನಿಲ್ಲುತ್ತಲೇ ಇರಲಿಲ್ಲ. ಇಷ್ಟು ದಿನ ಅದನ್ನು ಕೇಳಿಯೂ ಸುಮ್ನಿದ್ದೆ. ಗಾಳಿಯನ್ನು ಟ್ಯಾಂಕಿನೊಳಗೆ ಮಾತ್ರ ಬಿಟ್ಟು ವಾಪಸ್ ಬಿಡದ ವಾಲ್ವಿಗೆ ಎನ್‌ಆರ್‌ವಿ ಅಂತಾರೆ; ಟ್ಯಾಂಕಿನ ಗಾಳಿ ಅದನ್ನೇ ದಾಟಿ ಹೆಡ್ಡಿಗೆ ವಾಪಸ್ ಬರುತ್ತಿತ್ತು.

ಪ್ಲಗ್ ಕಿತ್ತು, ಡ್ರೈನ್ ಕಾಕ್ ಬಿಟ್ಟು ಗೇಜ್ ಸೊನ್ನೆಗೆ ಬಂದ ಮೇಲೆ ಎನ್‌ಆರ್‌ವಿ ಬಿಚ್ಚಿದೆ. ಗಾಳಿ ಇರುವಾಗ ಅದಕ್ಕೆ ಸ್ಪ್ಯಾನರ್ ಹಾಕಲೇಬೇಡಿ, ನಟ್ ಗುಂಡಿನಂತೆ ಹಾರುತ್ತದೆ. ಒಳಗೆ ಎಂಟಾಣೆಯಷ್ಟು ಅಗಲದ ಬಿಲ್ಲೆ, ಹಿಂದೆ ಪುಟ್ಟ ಸ್ಪ್ರಿಂಗ್. ಬಿಲ್ಲೆಯ ಅಂಚಿಗೆ ಸಾಸಿವೆ ಕಾಳಿನಷ್ಟು ಕಪ್ಪು ಚೂರು ಅಂಟಿತ್ತು. ಉಗುರಿನಲ್ಲಿ ಕೆರೆದರೆ ಉದುರಿತು. ಬಟ್ಟೆಯಲ್ಲಿ ಸೀಟ್ ಒರೆಸಿ, ಮತ್ತೆ ಕೂರಿಸಿದೆ. 8 ಕೆಜಿಗೆ ನಿಂತಿತು. ಟುಸ್. ಆಮೇಲೆ ನಿಶ್ಶಬ್ದ. ಗಾಳಿ ಬಿಟ್ಟು 6ಕ್ಕೆ ಇಳಿಸಿದೆ, ತಿಣುಕದೆ ಎದ್ದಿತು. ಹತ್ತು ಸಲ ಮಾಡಿದೆ, ಹತ್ತೂ ಸಲ ಎತ್ತಿತು. ಖರ್ಚು ಸೊನ್ನೆ.

ಆ ಕಪ್ಪು ಚೂರು ಕಾರ್ಬನ್. ಎಲ್ಲಿಂದ ಬಂತು? ಹೆಡ್ ಬಿಚ್ಚಿದರೆ ವಾಲ್ವ್ ಪ್ಲೇಟಿನ ತುಂಬ ಅದೇ. ನನ್ನ ಅನುಮಾನ ಬೈಕ್ ಆಯಿಲ್ ಮೇಲೇ. ಕಂಪ್ರೆಸರ್ ಆಯಿಲ್ ಬಿಸಿ ಹೆಡ್ಡಿನಲ್ಲಿ ಅಷ್ಟು ಮಸಿ ಕಟ್ಟುವುದಿಲ್ಲ. ಹಾಗಾಗಿ ಕೊನೇ ಸ್ಥಾನದಲ್ಲಿದ್ದ ಆಯಿಲನ್ನು ವಾಲ್ವ್ ಪಕ್ಕಕ್ಕೆ ತಂದು ಕೂರಿಸಿದ್ದೇನೆ. ಕೊನೇ ಸ್ಥಾನ ಈಗ ಬಾಮೈದನ ಡಬ್ಬಕ್ಕೆ. ಅವನಿಗೆ ಇನ್ನೂ ಹೇಳಿಲ್ಲ.